ಬಿರುದಿಗೊಂದು ಪಥ್ಯ

ಬಿರುದುಬಾವಲಿಗಳು ಹಿಂದೆ ಅರಸರ ಕೊಡುಗೆಯಾಗಿದ್ದುವು. ಅವುಗಳಿಂದ ಆಸ್ಥಾನದ ಶೋಭೆ ಹೆಚ್ಚುತ್ತಿದ್ದಿತೇ ಹೊರತು ಯಾರ ಪ್ರಾಣಕ್ಕೂ ಸಂಚಕಾರವಿರಲಿಲ್ಲ. ವೃತ್ತಿಯ ಬಿರುದಿನ ಮಾತು ಹಾಗಲ್ಲ. ಮೂತ್ರಪಿಂಡ ಸೋತ ರೋಗಿಗೆ ಎಳನೀರು, ಬಾಳೆಹಣ್ಣು ಯಥೇಚ್ಛವಾಗಿರಲಿ ಎಂದು ಯಾರಾದರೂ ಹೇಳಿದರೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಹೇಳಿದಾತ ಆಹಾರತಜ್ಞನೆಂಬ ಫಲಕ ತೂಗಹಾಕಿದ್ದರೆ ರೋಗಿ ನಂಬದಿರುವುದೆಂತು?

ಅಮೆರಿಕದ ಸಂಸ್ಥಾನಗಳು ಈ ಪ್ರಶ್ನೆಗೆ ಬೇರೆಬೇರೆ ಉತ್ತರ ಕೊಟ್ಟಿವೆ. ಕ್ಯಾಲಿಫೋರ್ನಿಯ ‘ಡಯಟೀಷಿಯನ್’ ಎಂಬ ಹೆಸರನ್ನು ಕಾಯ್ದಿಟ್ಟಿತು. ಆಹಾರದ ಸಾಮಾನ್ಯ ಸಲಹೆಗೆ ಪರವಾನಗಿ ಕೇಳಲಿಲ್ಲ. ಫ್ಲಾರಿಡವಾದರೋ 1988ರ ಶಾಸನದಲ್ಲಿ ಹೆಸರಿನೊಡನೆ ಕೆಲಸಕ್ಕೂ ಬೇಲಿ ಹಾಕಿತು. ಹಣ ಪಡೆದು ಸಲಹೆ ಕೊಡುವವರಿಗೆ ಪದವಿ, 900 ಗಂಟೆಗಳಿಗೆ ಕಡಿಮೆಯಿಲ್ಲದ ತರಬೇತಿ, ಪರೀಕ್ಷೆ, ಪರವಾನಗಿ ಇವೆಲ್ಲ ಬೇಕೆಂದಿತು.

ಮಹಿಳೆಯೊಬ್ಬರು 2015ರಲ್ಲಿ ಕ್ಯಾಲಿಫೋರ್ನಿಯದಿಂದ ಫ್ಲಾರಿಡಕ್ಕೆ ಬಂದು ನೆಲೆಸಿದರು. ಅಲ್ಲಿ ಮಾಡುತ್ತಿದ್ದಂತೆಯೇ ಇಲ್ಲಿಯೂ ಹಣ ಪಡೆದು ಊಟೋಪಚಾರದ ಸಲಹೆ ಕೊಡತೊಡಗಿದರು. ಪರವಾನಗಿ ಪಡೆದ ತಜ್ಞರೊಬ್ಬರು ದೂರಿತ್ತರು. ಆರೋಗ್ಯ ಇಲಾಖೆಯ ಅಧಿಕಾರಿ ಗಿರಾಕಿಯ ಸೋಗಿನಲ್ಲಿ ಆಕೆಯನ್ನು ಪರೀಕ್ಷಿಸಿದ. 2017ರಲ್ಲಿ ದಂಡ ಹಾಗೂ ತನಿಖೆಯ ವೆಚ್ಚವೆಂದು 754 ಡಾಲರುಗಳನ್ನು ವಿಧಿಸಲಾಯಿತು. ಆಕೆ ದಂಡ ತೆತ್ತು, ನ್ಯಾಯಾಲಯದ ಮೆಟ್ಟಿಲೇರಿದರು. ‘ಏನನ್ನು ಉಣ್ಣಬೇಕೆಂದು ಹೇಳುವುದು ಬರಿಯ ಮಾತು, ಮಾತಿನ ಸ್ವಾತಂತ್ರ್ಯವನ್ನು ಸಂವಿಧಾನವೇ ಕೊಟ್ಟಿದೆ’ ಎಂಬುದು ಆಕೆಯ ವಾದ.

ವ್ಯಾಜ್ಯ ನಡೆದಿರುವಾಗಲೇ, 2020ರಲ್ಲಿ ಫ್ಲಾರಿಡದ ಶಾಸನಸಭೆ ಬೇಲಿಯನ್ನು ಸಡಿಲಿಸಿತು. ಆಹಾರತಜ್ಞರೆಂದು ಹೇಳಿಕೊಳ್ಳದೆ, ವೈದ್ಯರ ಆರೈಕೆಯಲ್ಲಿದ್ದು ರೋಗಕ್ಕಾಗಿ ಪಥ್ಯ ಬೇಕಾದವರ ಗೊಡವೆಗೆ ಹೋಗದೆ ಇದ್ದರೆ, ಪರವಾನಗಿಯಿಲ್ಲದವರೂ ಹಣ ಪಡೆದು ಸಲಹೆ ಕೊಡಬಹುದಾಯಿತು. ಆದರೂ 2022ರಲ್ಲಿ ಮೇಲ್ಮನವಿಯ ನ್ಯಾಯಾಲಯ ಹಳೆಯ ಶಾಸನವನ್ನೇ ಎತ್ತಿಹಿಡಿಯಿತು: ಅದು ನಿಯಂತ್ರಿಸಿದ್ದು ವೃತ್ತಿಯನ್ನು, ಮಾತಿಗೆ ತಗುಲಿದ್ದು ಆನುಷಂಗಿಕ ಮಾತ್ರ ಎಂದಿತು. ಹೀಗೆ ಮಹಿಳೆ ನ್ಯಾಯಾಲಯದಲ್ಲಿ ಸೋತರು; ಆಕೆ ಬಯಸಿದ್ದನ್ನು ಬಹುಮಟ್ಟಿಗೆ ಶಾಸನಸಭೆ ಕೊಟ್ಟಿತು.

ನೆರೆಮನೆಯ ಅಜ್ಜಿ ಜೀರಿಗೆಯ ಕಷಾಯ ಕುಡಿಯೆಂದರೆ ಯಾವ ಸರ್ಕಾರವೂ ತಡೆಯಬೇಕಾಗಿಲ್ಲ. ಆದರೆ ಹಾಸಿಗೆ ಹಿಡಿದ ರೋಗಿ, ಸಲಹೆ ಕೊಡುವವನ ವಿದ್ಯೆಯನ್ನು ಅಳೆಯಬಲ್ಲನೆ? ಅವನ ಕಣ್ಣಿಗೆ ಬೀಳುವುದು ಫಲಕವೊಂದೇ. ಆ ಫಲಕ ಸುಳ್ಳಾಡದಂತೆ ನೋಡಿಕೊಳ್ಳುವುದು ಕಾನೂನಿನ ಧರ್ಮ. ಉಳಿದವರ ಬಾಯಿಗೆ ಬೀಗ ಜಡಿಯದಿರುವುದೂ ಅದರ ಧರ್ಮವೇ. ಹಿತಮಿತ ಊಟಕ್ಕೆ ಮಾತ್ರವಲ್ಲ, ಶಾಸನಕ್ಕೂ ಬೇಕು.