ಗೀಟೇ ರುಜುವಾದ ಅರ್ಜಿಗಳು

ಅಮೆರಿಕದ ಮಿಸ್ಸೂರಿ ರಾಜ್ಯ ಪತ್ರಾಗಾರದ ಸಂಗ್ರಹಗಳಲ್ಲಿ ಸೇಂಟ್ ಲೂಯಿಸ್ ನಗರದ ಸರ್ಕ್ಯೂಟ್ ನ್ಯಾಯಾಲಯದ, ಅಂದರೆ ದಾವೆಗಳನ್ನು ಮೊದಲ ಹಂತದಲ್ಲಿ ವಿಚಾರಿಸುತ್ತಿದ್ದ ನ್ಯಾಯಾಲಯದ, ಹತ್ತೊಂಬತ್ತನೆಯ ಶತಮಾನದ ಕಡತಗಳಿಗೆ ವಿಶೇಷವಾದ ಸ್ಥಾನವಿದೆ. ಸಾಲ, ಜಮೀನು, ತುಪ್ಪಳದ ವ್ಯಾಪಾರಗಳಿಗೆ ಸಂಬಂಧಿಸಿದ ವ್ಯಾಜ್ಯಗಳ ಜೊತೆಯಲ್ಲೇ, ಗುಲಾಮಗಿರಿಯಲ್ಲಿದ್ದ 300ಕ್ಕೂ ಹೆಚ್ಚು ಮಂದಿ ತಮ್ಮ ಒಡೆಯರ ವಿರುದ್ಧ ಹೂಡಿದ ದಾವೆಗಳು ಇವುಗಳಲ್ಲಿ ದೊರೆತಿವೆ. ಇವನ್ನು ಇತಿಹಾಸಕಾರರು 'ಬಿಡುಗಡೆಯ ದಾವೆಗಳು' ಎಂದು ಕರೆಯುತ್ತಾರೆ. ಓದುಬರಹವನ್ನೇ ನಿರಾಕರಿಸಲಾಗಿದ್ದ ಜನರು ತಮ್ಮ ಹೆಸರಿನಲ್ಲಿ, ತಮ್ಮ ಬೇಡಿಕೆಯೊಂದಿಗೆ ಸರ್ಕಾರಿ ಕಾಗದದ ಮೇಲೆ ಕಾಣಿಸಿಕೊಳ್ಳುವ ಅಪರೂಪದ ಎಡೆ ಇದಾಗಿರುವುದರಿಂದ, ಈ ಕಡತಗಳ ಬೆಲೆಯನ್ನು ಅವು ಕಂಡ ತೀರ್ಪುಗಳಿಂದ ಮಾತ್ರ ಅಳೆಯಲಾಗದು.

ಆ ಕಾಲದ ರೂಢಿಯಂತೆ ಪ್ರತಿಯೊಂದು ಮೊಕದ್ದಮೆಯ ಕಾಗದಗಳನ್ನೂ ಮಡಚಿ ಕಟ್ಟು ಕಟ್ಟಿ ಇಡಲಾಗುತ್ತಿತ್ತು. ದಶಕಗಳ ಕಾಲ ಹಾಗೆಯೇ ಉಳಿದ ಕಟ್ಟುಗಳ ಮೇಲೆ ನಗರದ ಕಲ್ಲಿದ್ದಲ ಮಸಿ ಕುಳಿತು, ಮಡಿಕೆಗಳು ಗಡುಸಾಗಿದ್ದವು. ಇಂಥ ಕಾಗದವನ್ನು ಒಮ್ಮೆಗೇ ಬಿಡಿಸಿದರೆ ಮಡಿಕೆಯ ಗೆರೆಯಲ್ಲೇ ಅದು ಮುರಿಯುವುದರಿಂದ, ಮೊದಲು ಹದವಾದ ತೇವವುಳ್ಳ ಗಾಳಿಯಲ್ಲಿಟ್ಟು ಮೆದುವಾಗಿಸಿ, ಆಮೇಲೆ ಚಪ್ಪಟೆಯಾಗಿ ಹರಡಿ, ಮಸಿಯನ್ನು ತೆಗೆದು, ವಿಷಯಸೂಚಿ ಬರೆದು, ಕೊನೆಗೆ ಡಿಜಿಟಲ್ ಪ್ರತಿ ಮಾಡಬೇಕಾಗುತ್ತದೆ. ಹೊರಗಿನವರ ಕಣ್ಣಿಗೆ ಬೀಳದ ಈ ಕೆಲಸ ನಡೆಯದಿದ್ದರೆ ಮುಂದಿನ ಯಾವ ಸಂಶೋಧನೆಯೂ ಸಾಧ್ಯವಾಗುತ್ತಿರಲಿಲ್ಲ.

ಗುಲಾಮಗಿರಿಯನ್ನು ಒಪ್ಪಿಕೊಂಡಿದ್ದ ರಾಜ್ಯದಲ್ಲಿ ಇಂಥ ದಾವೆಗೆ ಅವಕಾಶ ದೊರೆತದ್ದಾದರೂ ಹೇಗೆ ಎಂಬ ಪ್ರಶ್ನೆ ಸಹಜ. 1787ರ ವಾಯವ್ಯ ಸುಗ್ರೀವಾಜ್ಞೆಯು ಓಹಿಯೋ ನದಿಯ ಉತ್ತರದ ಪ್ರದೇಶದಲ್ಲಿ ಗುಲಾಮಗಿರಿಯನ್ನು ನಿಷೇಧಿಸಿತ್ತು. ಮಿಸ್ಸಿಸಿಪ್ಪಿ ನದಿಯ ಆಚೆ ದಡದ ಇಲಿನಾಯ್ ಆ ನಿಷೇಧದೊಳಗಿತ್ತು, ಈಚೆ ದಡದ ಮಿಸ್ಸೂರಿ ಅದರ ಹೊರಗಿತ್ತು. ಒಡೆಯನು ಗುಲಾಮರನ್ನು ಆಚೆ ಕರೆದೊಯ್ದು ನೆಲೆಸಿ, ಬಳಿಕ ಈಚೆ ಮರಳಿದರೆ ಅವರ ಸ್ಥಿತಿ ಏನಾಗಬೇಕು ಎಂಬುದಕ್ಕೆ 1824ರಲ್ಲಿ ವಿನ್ನಿ ಎಂಬ ಮಹಿಳೆಯ ಮೊಕದ್ದಮೆಯಲ್ಲಿ ಮಿಸ್ಸೂರಿಯ ಸರ್ವೋಚ್ಚ ನ್ಯಾಯಾಲಯ ಉತ್ತರ ಕೊಟ್ಟಿತು: ಹಾಗೆ ಅಲ್ಲಿ ನೆಲೆಸಿ ಸ್ವತಂತ್ರರಾದವರು ಮತ್ತೆ ಗುಲಾಮರಾಗುವುದಿಲ್ಲ. ಅದೇ ವರ್ಷದ ಕಾನೂನು ಇಂಥ ಅರ್ಜಿದಾರರನ್ನು ಬಡ ಕಕ್ಷಿಗಾರರೆಂದು ಪರಿಗಣಿಸಿ ವಕೀಲರನ್ನು ಒದಗಿಸುವುದಕ್ಕೂ, ದಾವೆ ಮುಗಿಯುವವರೆಗೆ ಅವರನ್ನು ನ್ಯಾಯಾಲಯದ ವ್ಯಾಪ್ತಿಯಿಂದ ಹೊರಗೆ ಸಾಗಿಸದಂತೆ ಒಡೆಯರನ್ನು ತಡೆಯುವುದಕ್ಕೂ ದಾರಿ ಮಾಡಿತು.

ಈ ಕಡತಗಳನ್ನು ಓದುವವರು ಕಾನೂನಿನ ಪಡಿಯಚ್ಚಿನ ಭಾಷೆಯನ್ನು ಎಚ್ಚರದಿಂದ ಬಿಡಿಸಿಕೊಳ್ಳಬೇಕು. ಹೆಚ್ಚಿನ ದಾವೆಗಳಲ್ಲಿ ಪ್ರತಿವಾದಿಯು ಅರ್ಜಿದಾರರನ್ನು ಹೊಡೆದು ಅಕ್ರಮವಾಗಿ ಬಂಧಿಸಿಟ್ಟಿದ್ದಾನೆ ಎಂಬ ಆರೋಪ ಒಂದೇ ಮಾತುಗಳಲ್ಲಿ ಬರುತ್ತದೆ. ಸ್ವತಂತ್ರ ವ್ಯಕ್ತಿಯ ಮೇಲೆ ಕೈ ಮಾಡುವುದು ಅಪರಾಧ, ಗುಲಾಮನ ಮೇಲೆ ಮಾಡಿದರೆ ಅದು ಒಡೆಯನ ಹಕ್ಕು ಎಂಬ ಅಂದಿನ ಕ್ರೂರ ತರ್ಕವನ್ನೇ ಹಿಡಿದು, ಹೊಡೆದದ್ದು ತಪ್ಪೋ ಅಲ್ಲವೋ ಎಂದು ತೀರ್ಮಾನಿಸುವ ನೆಪದಲ್ಲಿ ಅರ್ಜಿದಾರರು ಸ್ವತಂತ್ರರೋ ಅಲ್ಲವೋ ಎಂಬುದನ್ನು ನ್ಯಾಯಾಲಯವು ನಿರ್ಧರಿಸುವಂತೆ ಮಾಡುವ ವಿಧಾನ ಇದಾಗಿತ್ತು. ಆದ್ದರಿಂದ ಈ ವಾಕ್ಯವೊಂದನ್ನೇ ನೆಚ್ಚಿ ಇಂಥ ದಿನ ಇಂಥ ಪೆಟ್ಟು ಬಿತ್ತೆಂದು ಹೇಳಲಾಗದು. ಒಬ್ಬೊಬ್ಬರ ಬದುಕಿನ ನಿಜವಾದ ವಿವರ ಸಿಗುವುದು ಅರ್ಜಿಯ ಒಕ್ಕಣೆಯಲ್ಲಿ, ಸಾಕ್ಷಿಗಳ ಹೇಳಿಕೆಗಳಲ್ಲಿ, ನ್ಯಾಯಾಧೀಶರ ಆದೇಶಗಳಲ್ಲಿ. ದಾವೆಯ ಕಾಲದಲ್ಲಿ ಅರ್ಜಿದಾರರನ್ನು ಕೂಲಿಗೆ ಕಳುಹಿಸಿ, ಬಂದ ಹಣವನ್ನು ಗೆದ್ದವರಿಗೆ ಕೊಡಲೆಂದು ಶೆರೀಫನು ತನ್ನ ವಶದಲ್ಲಿಟ್ಟುಕೊಳ್ಳುವ ಪದ್ಧತಿಯೂ ಇತ್ತು. ಪಾಲಿ ವಾಶ್ ಎಂಬ ತಾಯಿ ತಾನು 1839ರಲ್ಲಿ ದಾವೆ ಹೂಡಿ ಬಿಡುಗಡೆ ಪಡೆದದ್ದಲ್ಲದೆ ಮಗಳು ಲೂಸಿಯ ಪರವಾಗಿಯೂ ಹೋರಾಡಿದಳು. ಆ ಹುಡುಗಿ ತೀರ್ಪಿಗಾಗಿ ಕಾಯುತ್ತ 17 ತಿಂಗಳಿಗೂ ಹೆಚ್ಚು ಕಾಲ ಸೆರೆಮನೆಯಲ್ಲಿ ಕಳೆಯಬೇಕಾಯಿತು. ಕಾನೂನು ಕೊಟ್ಟ ರಕ್ಷಣೆ ಎಷ್ಟು ತೆಳುವಾಗಿತ್ತೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಇವುಗಳಲ್ಲಿ ಜಗತ್ತಿಗೆ ಗೊತ್ತಿರುವುದು ಡ್ರೆಡ್ ಸ್ಕಾಟ್‌ನ ಮೊಕದ್ದಮೆ. ಸೇನಾ ವೈದ್ಯನಾಗಿದ್ದ ಒಡೆಯನೊಡನೆ ಗುಲಾಮಗಿರಿ ನಿಷಿದ್ಧವಾಗಿದ್ದ ಪ್ರದೇಶಗಳಲ್ಲಿ ವರ್ಷಗಟ್ಟಲೆ ಇದ್ದು ಬಂದಿದ್ದ ಸ್ಕಾಟ್, 1847ರ ವಿಚಾರಣೆಯಲ್ಲಿ ಸೋತದ್ದು ಒಂದು ತಾಂತ್ರಿಕ ಕಾರಣಕ್ಕೆ: ಅವನನ್ನು ಕೂಲಿಗೆ ಪಡೆದಿದ್ದವನೆಂದು ಸಾಕ್ಷಿ ನುಡಿದವನಿಗೆ ಅದು ಹೆಂಡತಿಯ ಮಾತಿನಿಂದ ತಿಳಿದದ್ದೇ ಹೊರತು ಸ್ವಂತ ಅರಿವಿನಿಂದಲ್ಲ, ಹಾಗಾಗಿ ಅದು ಕೇಳಿದ ಮಾತಿನ ಸಾಕ್ಷ್ಯವೆನಿಸಿತು. 1850ರ ಮರುವಿಚಾರಣೆಯಲ್ಲಿ ಅವನು ಗೆದ್ದ. 1852ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ತನ್ನ ಹಳೆಯ ನಿಲುವನ್ನೇ ಕೈಬಿಟ್ಟು ಆ ಗೆಲುವನ್ನು ರದ್ದುಪಡಿಸಿತು. 1857ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಕಪ್ಪು ಜನರು ದೇಶದ ನಾಗರಿಕರಾಗಲಾರರೆಂದು ಸಾರಿದ ಅನ್ಯಾಯದ ತೀರ್ಪು ಬಂದಿತು. ಕೆಲವೇ ವಾರಗಳಲ್ಲಿ ಹೊಸ ಒಡೆಯನೊಬ್ಬ ಈ ಕುಟುಂಬವನ್ನು ಬಿಡುಗಡೆ ಮಾಡಿದರೂ, ಡ್ರೆಡ್ ಸ್ಕಾಟ್ 1858ರಲ್ಲಿ ಕ್ಷಯರೋಗದಿಂದ ತೀರಿಕೊಂಡ.

ಮುದ್ರಿತ ತೀರ್ಪುಗಳ ತಲೆಬರಹದಲ್ಲಿ ಕಾಣುವುದು ಅವನೊಬ್ಬನ ಹೆಸರು. ಪತ್ರಾಗಾರದ ಕಡತವಾದರೋ 1846ರ ಏಪ್ರಿಲ್ 6ರಂದು ಸಲ್ಲಿಕೆಯಾದದ್ದು ಒಂದಲ್ಲ, ಎರಡು ಅರ್ಜಿಗಳೆಂಬುದನ್ನು ತೋರಿಸುತ್ತದೆ. ಎರಡನೆಯದು ಅವನ ಹೆಂಡತಿ ಹ್ಯಾರಿಯೆಟ್‌ಳದು. ಮಕ್ಕಳ ಸ್ಥಿತಿ ತಾಯಿಯ ಸ್ಥಿತಿಯನ್ನು ಅನುಸರಿಸುತ್ತದೆಂಬುದು ಅಂದಿನ ನಿಯಮವಾಗಿದ್ದುದರಿಂದ, ಎಲೈಜಾ ಮತ್ತು ಲಿಜ್ಜಿ ಎಂಬ ಇಬ್ಬರು ಹೆಣ್ಣುಮಕ್ಕಳ ಭವಿಷ್ಯ ನಿಂತಿದ್ದುದು ತಂದೆಯ ದಾವೆಗಿಂತ ಹೆಚ್ಚಾಗಿ ಈ ಅರ್ಜಿಯ ಮೇಲೆ. 1850ರಲ್ಲಿ ಎರಡೂ ಕಡೆಯ ವಕೀಲರು ಗಂಡನ ಮೊಕದ್ದಮೆಯ ಫಲವೇ ಹೆಂಡತಿಗೂ ಅನ್ವಯಿಸಲೆಂದು ಒಪ್ಪಂದ ಮಾಡಿಕೊಂಡದ್ದರಿಂದ ಅವಳ ಹೆಸರು ಮರೆಗೆ ಸರಿಯಿತು. ನಮ್ಮಲ್ಲಿ ಹೆಬ್ಬೆಟ್ಟು ಒತ್ತುವಂತೆ, ರುಜುವಿಗೆ ಬದಲಾಗಿ ಒಂದರ ಮೇಲೊಂದು ಹಾಯ್ದ ಎರಡು ಗೀಟುಗಳನ್ನು ಎಳೆದು ಅವಳು ಸಲ್ಲಿಸಿದ ಆ ಅರ್ಜಿ ಇಂದಿಗೂ ಉಳಿದಿದೆ, ಬೇಕೆಂದವರು ಅದರ ಪ್ರತಿಯನ್ನು ಓದಬಹುದು.