ಬಟರ್‌ಮಿಲ್ಕ್ ಪ್ಯಾನ್‌ಕೇಕ್: ತಪ್ಪು ಕಲ್ಪನೆ ಮತ್ತು ಸತ್ಯ

ಮೈದಾ, ಮೊಟ್ಟೆ, ಕರಗಿಸಿದ ಬೆಣ್ಣೆ ಮತ್ತು ಹುಳಿಯಾದ ಬಟರ್‌ಮಿಲ್ಕನ್ನು ಕಲಸಿ ಕಾವಲಿಯ ಮೇಲೆ ಹೊಯ್ದು ಬೇಯಿಸುವ ಪ್ಯಾನ್‌ಕೇಕ್ ಅಮೆರಿಕದ ಮನೆಗಳ ಬೆಳಗಿನ ತಿಂಡಿ. ಅದನ್ನು ಉಬ್ಬಿಸುವುದು ಆಮ್ಲವೂ ಕ್ಷಾರವೂ ಕೂಡಿದಾಗ ಹೊಮ್ಮುವ ಇಂಗಾಲದ ಡೈಆಕ್ಸೈಡ್ ಅನಿಲ. 1796ರಲ್ಲಿ ಪ್ರಕಟವಾದ ಅಮೇಲಿಯಾ ಸಿಮನ್ಸ್ ಅವರ 'ಅಮೆರಿಕನ್ ಕುಕರಿ'ಯಲ್ಲಿ ತಿನಿಸುಗಳನ್ನು ಉಬ್ಬಿಸಲು ಮರದ ಬೂದಿಯಿಂದ ತೆಗೆದ ಪರ್ಲ್‌ಆ್ಯಶ್ ಎಂಬ ಕ್ಷಾರ ಬಳಕೆಯಾಗಿದ್ದು, 1846ರಲ್ಲಿ ಜಾನ್ ಡ್ವೈಟ್ ಮತ್ತು ಆಸ್ಟಿನ್ ಚರ್ಚ್ ಅಮೆರಿಕದಲ್ಲಿ ಅಡಿಗೆ ಸೋಡಾ ತಯಾರಿಕೆಗೆ ತೊಡಗಿದ ಮೇಲೆ ಆ ಸ್ಥಾನವನ್ನು ಕ್ರಮೇಣ ಸೋಡಾ ಪಡೆಯಿತು. ಈ ಆಮ್ಲ–ಕ್ಷಾರಗಳ ಸಂಬಂಧವನ್ನು ಗಮನಿಸದಿರುವುದೇ ಮುಂದಿನ ತಪ್ಪು ಕಲ್ಪನೆಗಳಲ್ಲಿ ಹೆಚ್ಚಿನವುಗಳ ಮೂಲ.

ತಪ್ಪು ಕಲ್ಪನೆ: ಬಟರ್‌ಮಿಲ್ಕ್ ಎಂದರೆ ನಮ್ಮ ಮಜ್ಜಿಗೆಯೇ.

ಸತ್ಯ: ಮೊಸರನ್ನು ಕಡೆದು, ಬೆಣ್ಣೆ ತೆಗೆದು, ನೀರು ಬೆರೆಸಿದ್ದು ಕನ್ನಡಿಗರ ಮಜ್ಜಿಗೆ. ಅಮೆರಿಕದಲ್ಲಿಯೂ ಹಿಂದೆ ಬೆಣ್ಣೆ ಕಡೆದ ಮೇಲೆ ಉಳಿಯುತ್ತಿದ್ದ ದ್ರವಕ್ಕೇ ಬಟರ್‌ಮಿಲ್ಕ್ ಎಂಬ ಹೆಸರಿತ್ತಾದರೂ, ಇಂದು ಅಂಗಡಿಗಳಲ್ಲಿ ಸಿಗುವುದು ಕಡಿಮೆ ಕೊಬ್ಬಿನ ಹಾಲಿಗೆ ಬ್ಯಾಕ್ಟೀರಿಯಾಗಳನ್ನು ಸೇರಿಸಿ ಹೆಪ್ಪುಗಟ್ಟಿಸಿದ ಮಂದ ದ್ರವ. ತಿಳಿಮಜ್ಜಿಗೆಯಿಂದ ಹಿಟ್ಟು ನೀರಾಗಿ ಪ್ಯಾನ್‌ಕೇಕ್ ಚಪ್ಪಟೆಯಾಗುವುದರಿಂದ, ಹುಳಿ ಮೊಸರಿಗೆ ಸ್ವಲ್ಪವೇ ನೀರು ಬೆರೆಸಿ ಕಡೆದುಕೊಳ್ಳುವುದು ಮೇಲು. ಹಾಲಿಗೆ ನಿಂಬೆರಸ ಹಿಂಡಿದರೂ ಆಮ್ಲ ದೊರೆಯುತ್ತದೆ. ಆದರೆ ಬ್ಯಾಕ್ಟೀರಿಯಾಗಳು ಉಂಟುಮಾಡುವ, ಬೆಣ್ಣೆಯ ಕಂಪಿಗೆ ಕಾರಣವಾದ ಡೈಅಸಿಟೈಲ್ ಎಂಬ ವಸ್ತು ಅದರಲ್ಲಿ ಇರುವುದಿಲ್ಲ.

ತಪ್ಪು ಕಲ್ಪನೆ: ಸೋಡಾ, ಬೇಕಿಂಗ್ ಪೌಡರ್ ಎರಡೂ ಒಂದೇ, ಹೆಚ್ಚು ಹಾಕಿದಷ್ಟೂ ಹೆಚ್ಚು ಉಬ್ಬುತ್ತದೆ.

ಸತ್ಯ: ಅಡಿಗೆ ಸೋಡಾ ಅಥವಾ ಸೋಡಿಯಂ ಬೈಕಾರ್ಬನೇಟ್ ಬರಿಯ ಕ್ಷಾರವಾದ್ದರಿಂದ ಅದಕ್ಕೆ ಹೊರಗಿನ ಆಮ್ಲ ಬೇಕು, ಬೇಕಿಂಗ್ ಪೌಡರ್‌ನಲ್ಲಾದರೋ ಸೋಡಾದೊಡನೆ ಒಣ ಆಮ್ಲವೂ ಪಿಷ್ಟವೂ ಮೊದಲೇ ಬೆರೆತಿರುತ್ತವೆ. ಸುಮಾರು 240 ಮಿ.ಲೀ. ಬಟರ್‌ಮಿಲ್ಕಿನ ಆಮ್ಲಕ್ಕೆ ಅರ್ಧ ಟೀ ಚಮಚ ಸೋಡಾ ಸಾಕು. ಅದಕ್ಕಿಂತ ಹೆಚ್ಚಾದ ಸೋಡಾ ಆಮ್ಲವಿಲ್ಲದೆ ಹಾಗೆಯೇ ಉಳಿದು ಸಾಬೂನಿನಂಥ ರುಚಿ ಕೊಡುವುದಲ್ಲದೆ, ಕ್ಷಾರವು ಕಂದುಬಣ್ಣವನ್ನು ಬೇಗ ತರುವುದರಿಂದ ಒಳಗೆ ಬೇಯುವ ಮೊದಲೇ ಹೊರಮೈ ಕಪ್ಪಾಗುತ್ತದೆ. ಅನೇಕ ಪಾಕವಿಧಾನಗಳು ಎರಡನ್ನೂ ಬಳಸುವುದು, ಸೋಡಾ ಹುಳಿಯನ್ನು ತಗ್ಗಿಸಲಿ, ಪೌಡರ್ ಕಾವಲಿಯ ಬಿಸಿಯಲ್ಲಿ ಇನ್ನೊಮ್ಮೆ ಉಬ್ಬಿಸಲಿ ಎಂಬ ಕಾರಣಕ್ಕೆ.

ತಪ್ಪು ಕಲ್ಪನೆ: ಒಂದು ಗಂಟೂ ಉಳಿಯದಂತೆ ಚೆನ್ನಾಗಿ ಕಲಸಬೇಕು.

ಸತ್ಯ: ಗೋಧಿಯಲ್ಲಿರುವ ಗ್ಲುಟೆನಿನ್ ಮತ್ತು ಗ್ಲಯಾಡಿನ್ ಎಂಬ ಪ್ರೋಟೀನುಗಳು ನೀರು ತಾಗಿದಾಗ ಕೂಡಿ ಗ್ಲುಟೆನ್ ಎಂಬ ಎಳೆಗಳ ಬಲೆಯಾಗುತ್ತವೆ. ಚಪಾತಿ ಹಿಟ್ಟನ್ನು ನಾದುವುದು ಈ ಬಲೆ ಗಟ್ಟಿಯಾಗಲೆಂದೇ ಆದರೂ, ಪ್ಯಾನ್‌ಕೇಕಿನಲ್ಲಿ ಅದೇ ಬಲೆ ತಿನಿಸನ್ನು ಜಿಗುಟಾಗಿಸುತ್ತದೆ. ಒಣ ಹಿಟ್ಟು ಕಾಣದಷ್ಟು ಕಲಸಿ ಕೈಬಿಟ್ಟರೆ, ಉಳಿದ ಸಣ್ಣ ಗಂಟುಗಳು ಕೆಲವೇ ನಿಮಿಷಗಳಲ್ಲಿ ನೆನೆದು ಬೇಯುವಾಗ ಮೆತ್ತಗಾಗುತ್ತವೆ.

ತಪ್ಪು ಕಲ್ಪನೆ: ದೋಸೆಹಿಟ್ಟಿನಂತೆ ಇದನ್ನೂ ರಾತ್ರಿಯೇ ಕಲಸಿಟ್ಟರೆ ಒಳ್ಳೆಯದು.

ಸತ್ಯ: ದೋಸೆಹಿಟ್ಟಿನಲ್ಲಿ ಜೀವಂತ ಬ್ಯಾಕ್ಟೀರಿಯಾ ಮತ್ತು ಯೀಸ್ಟ್‌ಗಳು ಗಂಟೆಗಟ್ಟಲೆ ಅನಿಲವನ್ನು ಉಂಟುಮಾಡುತ್ತಲೇ ಇರುತ್ತವೆ. ಸೋಡಾದ ಕ್ರಿಯೆಯಾದರೋ ಆಮ್ಲ ತಾಗಿದ ಕ್ಷಣವೇ ಆರಂಭವಾಗಿ ಬೇಗ ಮುಗಿಯುವುದರಿಂದ, ಬೆಳಗಾಗುವ ಹೊತ್ತಿಗೆ ಅನಿಲವೆಲ್ಲ ಹೊರಟುಹೋಗಿರುತ್ತದೆ. ಆದ್ದರಿಂದ ಒಣ ಪದಾರ್ಥಗಳನ್ನೂ ದ್ರವಗಳನ್ನೂ ಬೇರೆಬೇರೆಯಾಗಿ ಸಿದ್ಧಮಾಡಿಕೊಂಡು, ಕಾವಲಿ ಇಡುವಾಗಲೇ ಬೆರೆಸುವುದು ಸರಿಯಾದ ಕ್ರಮ.

ತಪ್ಪು ಕಲ್ಪನೆ: ಉರಿ ಜೋರಾಗಿರಬೇಕು, ಮಗುಚಿದ ಮೇಲೆ ಸಟ್ಟುಗದಿಂದ ಒತ್ತಬೇಕು.

ಸತ್ಯ: ದಪ್ಪನೆಯ ಹಿಟ್ಟಿನ ನಡುಭಾಗಕ್ಕೆ ಶಾಖ ನಿಧಾನವಾಗಿ ತಲುಪುವುದರಿಂದ ಮಧ್ಯಮ ಉರಿಯೇ ತಕ್ಕದ್ದು. ಮೇಲೆ ಎದ್ದ ಗುಳ್ಳೆಗಳು ಒಡೆದು ತೂತುಗಳು ಹಾಗೆಯೇ ನಿಂತು, ಅಂಚು ಒಣಗಿದಂತೆ ಕಂಡಾಗ ಒಮ್ಮೆ ಮಾತ್ರ ಮಗುಚಬೇಕು. ಒತ್ತಿದರೆ ಬೇಗ ಬೇಯುತ್ತದೆಂಬ ನಂಬಿಕೆಯಿಂದ ಹಾನಿಯೇ ಹೆಚ್ಚು: ಹುಳಿಯೂ ಸೋಡಾವೂ ಕೂಡಿ ತುಂಬಿಸಿದ, ಹಿಟ್ಟು ಇನ್ನೂ ಹಿಡಿದಿಟ್ಟುಕೊಂಡಿರುವ ಅನಿಲವನ್ನು ಆ ಒಂದು ಒತ್ತು ಹೊರದೂಡಿಬಿಡುತ್ತದೆ.