ಚಕ್ರವನ್ನು ತಿರುಗಿಸಿದ ನೀರು ಎಲ್ಲಿಗೆ ಹೋಗುವುದು?

ಯಾದಗಿರಿ, ಶಹಾಪುರ, ಸುರಪುರಗಳ ಗೃಹಸ್ಥರಾದ ನಮಗೆ ಮನೆಯಲ್ಲಿ ದೀಪವೂ ಬೇಕು, ಹೊಲಕ್ಕೆ ಕಾಲುವೆಯ ನೀರೂ ಬೇಕು. ನದಿಯಿಂದ ಇವೆರಡನ್ನೂ ಪಡೆಯುವಾಗ ಒಂದರ ಲಾಭವು ಇನ್ನೊಂದರ ನಷ್ಟವಾಗದಂತೆ ನಡೆಸುವ ಬಗೆ ಹೇಗೆಂಬುದನ್ನು ವಾಚಕರೊಡನೆ ಕೊಂಚ ವಿವೇಚಿಸಬೇಕೆಂದು ಈ ಲೇಖನವನ್ನು ಬರೆದಿದ್ದೇನೆ.

ಜಲವಿದ್ಯುತ್ತು ಹುಟ್ಟುವಾಗ ನೀರು ನಾಶವಾಗುವುದಿಲ್ಲ. ಎತ್ತರದಿಂದ ಬಿದ್ದ ನೀರು ಚಕ್ರವನ್ನು ತಿರುಗಿಸಿ ಮುಂದಕ್ಕೆ ಹರಿಯುವುದು. ಆದುದರಿಂದ ‘ಎಷ್ಟು ವಿದ್ಯುತ್ತು ಹುಟ್ಟಿತು?’ ಎಂದು ಕೇಳಿದರೆ ಸಾಲದು. ‘ಚಕ್ರದಿಂದ ಹೊರಟ ನೀರು ಎಲ್ಲಿಗೆ, ಯಾವಾಗ ಹೋಯಿತು?’ ಎಂದೂ ಕೇಳಬೇಕು.

ನಮ್ಮ ಕೃಷ್ಣೆಯೇ ಇದಕ್ಕೆ ನಿದರ್ಶನ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಶಂಕುಸ್ಥಾಪನೆ ಮಾಡಿದ ಆಲಮಟ್ಟಿ ಅಣೆಕಟ್ಟಿನ ಬಳಿ 290 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರವಿದೆ. ಅಲ್ಲಿ ಚಕ್ರಗಳನ್ನು ತಿರುಗಿಸಿದ ನೀರು ಕೆಳಗೆ ನಾರಾಯಣಪುರದ ಬಸವಸಾಗರದಲ್ಲಿ ಬಂದು ನಿಲ್ಲುವುದು. ಎಡದಂಡೆ ಕಾಲುವೆಯ ಮೂಲಕ ಸುರಪುರ, ಶಹಾಪುರಗಳ ಹೊಲಗಳನ್ನು ಸೇರುವುದು. ಒಂದೇ ನೀರು ಮೊದಲು ದೀಪವಾಗಿ, ಬಳಿಕ ಅನ್ನವಾಗುವುದು!

ಇನ್ನು ನದಿಯ ಮೂಲವಾದ ಪಶ್ಚಿಮಘಟ್ಟದತ್ತ ನೋಡೋಣ. ಕೃಷ್ಣೆಯ ಉಪನದಿಯಾದ ಕೊಯ್ನೆಯ ನೀರನ್ನು ಮಹಾರಾಷ್ಟ್ರದಲ್ಲಿ ಸುರಂಗಗಳ ಮೂಲಕ ಘಟ್ಟದ ಪಶ್ಚಿಮಕ್ಕೆ ಧುಮುಕಿಸಿ ವಿದ್ಯುತ್ತನ್ನು ಪಡೆಯುವರು. ಮುಳಶಿ ಮೊದಲಾದ ಜಲಾಶಯಗಳಿಂದ ಭೀಮೆಯ ಪಾಲಿನ ನೀರೂ ಹಾಗೆಯೇ ಕೊಂಕಣಕ್ಕೆ ಇಳಿಯುವುದು. ಇದರಿಂದ ಮುಂಬಯಿಗೆ ಮಹೋಪಕಾರವಾಗಿದೆ, ಸಂದೇಹವಿಲ್ಲ. ಆದರೆ ಆ ನೀರು ಯಾದಗಿರಿಯ ಭೀಮೆಗೆ ಮರಳಿ ಬಾರದು; ಹರಿದು ಅರಬ್ಬೀ ಸಮುದ್ರದ ಪಾಲಾಗುವುದು. ಈ ಕಾರಣದಿಂದಲೇ ಬಚಾವತ್ ನ್ಯಾಯಮಂಡಲಿಯು ಇಂತಹ ತಿರುವಿಗೆ ಮಿತಿಯನ್ನು ವಿಧಿಸಿ, ಕೊಯ್ನಾ ಯೋಜನೆಗೆ ವರ್ಷಕ್ಕೆ 67.5 ಟಿ.ಎಂ.ಸಿ. ಎಂದು ನಿಗದಿಪಡಿಸಿತು.

ಸ್ಥಳದಂತೆ ಕಾಲವೂ ಮುಖ್ಯ. ವಿದ್ಯುತ್ತಿಗೆ ಜಲಾಶಯವು ತುಂಬಿರುವುದೇ ಲೇಸು. ಪ್ರವಾಹವನ್ನು ತಡೆಯಲು ಅದರಲ್ಲಿ ತೆರಪಿರಬೇಕು. ತುಂಬಿದ ಜಲಾಶಯಕ್ಕೆ ಹೊಸ ನೀರು ನುಗ್ಗಿದರೆ ಬಾಗಿಲುಗಳನ್ನು ತೆರೆಯದೆ ಗತಿಯಿಲ್ಲ. ಕೃಷ್ಣೆ ಉಕ್ಕಿದರೆ ಏನಾಗುವುದೆಂಬುದನ್ನು ನೀಲಕಂಠರಾಯನಗಡ್ಡಿಯವರು ಬಲ್ಲರು. 2019ರ ಆಗಸ್ಟಿನ ಮಹಾಪೂರದಲ್ಲಿ ಆ ನಡುಗಡ್ಡೆಯು ಹೊರಗಿನ ಸಂಪರ್ಕವನ್ನೇ ಕಳೆದುಕೊಂಡಿತು. ಬೇಸಗೆಯಲ್ಲಾದರೋ ಇದಕ್ಕೆ ವಿಪರೀತ: ಮೇಲೆ ನೀರನ್ನು ಹಿಡಿದಿಟ್ಟರೆ ಕೆಳಗೆ ಪೈರು ಒಣಗುವುದು.

ಆದುದರಿಂದ ಒಂದೊಂದು ಅಣೆಕಟ್ಟಿಗೆ ಒಂದೊಂದು ಲೆಕ್ಕವೆಂಬುದು ಸಲ್ಲದು. ಘಟ್ಟದಿಂದ ಕಡಲವರೆಗೆ ಇಡೀ ನದಿಗೆ ಒಂದೇ ಲೆಕ್ಕವಿರಬೇಕು. ಮಳೆಗಾಲದಲ್ಲಿ ಎಷ್ಟು ತೆರಪು, ಬೇಸಗೆಯಲ್ಲಿ ಎಷ್ಟು ನೀರು ಎಂಬುದು ಮೊದಲೇ ನಿಶ್ಚಯವಾಗಿ ಕೆಳಗಿನವರಿಗೆ ತಿಳಿದಿರಬೇಕು. ಮನೆಯ ಯಜಮಾನನು ತಾನು ಉಣ್ಣುವ ಮೊದಲು ಪಂಕ್ತಿಯ ಕೊನೆಯ ಎಲೆಯನ್ನು ನೋಡುವನಲ್ಲವೆ? ನದಿಯ ಸಂಸಾರಕ್ಕೂ ಅದೇ ನ್ಯಾಯ.